ಬೋನಿನ ರಾಜಾಸಾಬ ಮತ್ತು ಅವನ ಇಲಿ

ಸಿದ್ದಾಪುರದ ಸಂತೆ ಬೀದಿಯಲ್ಲಿ ನನ್ನದು ಗೊಬ್ಬರ, ಬೀಜ, ಔಷಧದ ಅಂಗಡಿ. ಪಕ್ಕದ್ದು ರಾಜಾಸಾಬನದು. ಅವನು ತಗಡು ಕತ್ತರಿಸಿ, ತಂತಿ ಬಾಗಿಸಿ ಇಲಿ ಬೋನು ಮಾಡುತ್ತಾನೆ. ನಾನು ಇಲಿ ಪಾಷಾಣ ಮಾರುತ್ತೇನೆ. ಇಬ್ಬರ ಹೊಟ್ಟೆಯೂ ಭತ್ತ ತಿಂದು ಕೊಬ್ಬಿದ ಇಲಿಗಳ ಮೇಲೆಯೇ ನಡೆಯುವುದರಿಂದ ನಮ್ಮ ನಡುವೆ ಜಗಳವಿಲ್ಲ. ಒಬ್ಬರ ಮಾಲನ್ನು ಇನ್ನೊಬ್ಬರು ಹಳಿಯುವುದುಂಟು, ಅದು ವ್ಯಾಪಾರ.

ರಾಜಾಸಾಬ ಮಾತು ಕಡಿಮೆಯ ಮನುಷ್ಯ. ಬಾಯಲ್ಲಿ ಯಾವಾಗಲೂ ಒಂದು ತಂತಿ ತುಂಡು ಇರುವುದೂ ಅದಕ್ಕೆ ಕಾರಣವಿರಬಹುದು. ಬೋನಿನ ವಿಷಯ ಬಂದರೆ ಮಾತ್ರ ತುಂಡನ್ನು ಕಿವಿಗೆ ಸಿಕ್ಕಿಸಿ ಮಾತಿಗೆ ಕೂಡುತ್ತಾನೆ, ಗಿರಾಕಿ ಏಳುವ ತನಕ ಬಿಡುವುದಿಲ್ಲ.

ಈ ಸಲ ಸುಗ್ಗಿಗೆ ಮುಂಚೆ ಅಕ್ಕಿ ಮಿಲ್ಲಿನ ಗೋವಿಂದರಾಜ ಅವರು, ಗೋದಾಮಿಗೆಲ್ಲ ಬೋನು ಬೇಕು, ಮುಂದಿನ ಸಂತೆಗೆ ಬಂದು ನೋಡುತ್ತೇನೆ ಎಂದು ಅವನಿಗೆ ಬಂದು ಹೇಳಿದರು. ತಿನ್ನುವ ಅಕ್ಕಿಯ ನಡುವೆ ಪಾಷಾಣ ಇಡಲಾಗದು ಎಂದು ನನ್ನ ಅಂಗಡಿಯನ್ನು ದಾಟಿಯೇ ಹೋದರು. ರಾಜಾಸಾಬನಿಗೆ ಹುಟ್ಟಿದಾಗಿನಿಂದ ಅಷ್ಟು ದೊಡ್ಡ ಗಿರಾಕಿ ಸಿಕ್ಕಿರಲಿಲ್ಲ. ಹೊಟ್ಟೆಕಿಚ್ಚು ನನಗೆ ಆಗಲಿಲ್ಲ ಎನ್ನುವುದು ಸುಳ್ಳು, ಬಹಳ ಆಗಲಿಲ್ಲ ಎನ್ನಬಹುದು.

ಅದೇ ವಾರ ಅವನ ಅಂಗಡಿಗೊಂದು ಇಲಿ ಬಂತು. ಊರಲ್ಲಿ ಅಷ್ಟು ಮನೆ, ಅಷ್ಟು ಕಣಜ ಇರುವಾಗ ಬೋನು ಮಾರುವವನ ಅಂಗಡಿಯೇ ಅದಕ್ಕೆ ಬೇಕಾಯಿತು. ದೊಡ್ಡ ಗಿರಾಕಿ ಬಂದಾಗ ಬೋನಿನ ಸಾಲಿನ ಮೇಲೆ ಇಲಿ ಓಡಾಡಿದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಮುಂದಿನ ಸಂತೆ ಬರುವುದರೊಳಗೆ ಅದನ್ನು ಹಿಡಿಯಬೇಕು. ಒಂದು ಪೊಟ್ಟಣ ಪಾಷಾಣ ಕೊಡಲೇ ಎಂದು ಕೇಳಿದೆ. ಅವನು ನನ್ನನ್ನು ನೋಡಿದ ರೀತಿಯಲ್ಲಿ ಅರ್ಚಕರೂ ಮೌಲವಿಗಳೂ ಪಾಪಿಯನ್ನು ನೋಡುವುದಿಲ್ಲ.

ಮೊದಲ ದಿನ ಬೋನಿನೊಳಗೆ ಮಿರ್ಚಿ ಭಜಿ ಇಟ್ಟ. ಬೆಳಗ್ಗೆ ನೋಡಿದರೆ ಮೇಲಿನ ಹಿಟ್ಟು ಮಾಯ, ಮೆಣಸಿನಕಾಯಿ ಇದ್ದಲ್ಲೇ ಇತ್ತು. ಮುಚ್ಚಳ ಬಿದ್ದಿರಲಿಲ್ಲ.

ಅವನ ಹೆಂಡತಿ ಫಾತಿಮಾಬೀ ಮಧ್ಯಾಹ್ನ ಬುತ್ತಿ ತಂದಾಗ ಫೋನಿನಲ್ಲಿ ಕಾರ್ಟೂನ್ ನೋಡುತ್ತಾ ಕೂಡುವುದು ರೂಢಿ. ಒಂದು ಮೊಸಳೆ ಕಪ್ಪೆಯ ಬೆನ್ನು ಹತ್ತುತ್ತದೆ. ಕಪ್ಪೆ ಸಿಗುವುದಿಲ್ಲ. ಕಪ್ಪೆಗೆಂದು ಕಟ್ಟಿದ ಬಂಡೆ ಮೊಸಳೆಯ ಮೇಲೆಯೇ ಬಿದ್ದು, ಅದು ರೊಟ್ಟಿಯಾಗಿ, ಮತ್ತೆ ಎದ್ದು ಓಡುತ್ತದೆ. ಫಾತಿಮಾಬೀ ಬಿದ್ದು ಬಿದ್ದು ನಗುತ್ತಾಳೆ. ರಾಜಾಸಾಬ ಮಾತ್ರ ಅದನ್ನು ಕೆಲಸ ಕಲಿಯುವವನ ಹಾಗೆ ನೋಡಿದ. ಹಗ್ಗ ಉದ್ದ ಆಯಿತು, ಹಲಗೆಯ ಇಳಿಜಾರು ತಪ್ಪಿದೆ, ಇಲ್ಲದಿದ್ದರೆ ಕಪ್ಪೆ ಸಿಗುತ್ತಿತ್ತು ಎಂದು ನನಗೆ ವಿವರಿಸಿದ.

"ಆ ಮೊಸಳಿ ನಿಮ್ಮ ಪೈಕಿನ ಇರ್ಬೇಕು ನೋಡ್ರಿ," ಎಂದಳು ಫಾತಿಮಾಬೀ.

ರಾಜಾಸಾಬ ಮೊಸಳೆಯ ತಪ್ಪು ತಿದ್ದಿ, ಬಕೆಟ್ಟಿನ ನೀರಿನ ಮೇಲೆ ಹಲಗೆ ಓರೆಯಾಗಿಟ್ಟ. ಮರುದಿನ ಬಾಗಿಲು ತೆಗೆದವನು ತಾನೇ ಹಲಗೆ ತುಳಿದು ಮೊಣಕಾಲ ತನಕ ಬಕೆಟ್ಟಿನಲ್ಲಿ ನಿಂತ. ಇಲಿ ಗೋಡೆಯ ಮೇಲಿನ ಹಲಗೆಯಿಂದ ನೋಡುತ್ತಿತ್ತಂತೆ. ನಕ್ಕಿತು ಎಂದೂ ಹೇಳಿದ. ಅದನ್ನು ನಾನು ನಂಬಲಿಲ್ಲ.

ಆಮೇಲೆ ಅಂಟಿನ ರಟ್ಟು. ಅದನ್ನು ಸ್ಟೂಲಿನ ಮೇಲೆ ಬಿಚ್ಚಿಟ್ಟು, ಮರೆತು, ಅದರ ಮೇಲೆಯೇ ಕುಳಿತ. ಲುಂಗಿ ಅಂಟಿಕೊಂಡಿತು. ಅದೇ ಹೊತ್ತಿಗೆ ಮಗಳನ್ನು ಕೊಟ್ಟ ಬೀಗರು ತಾವರಗೇರಾದಿಂದ ಬಂದರು. ಬೀಗರು ಬಂದಾಗ ಏಳದವನು ಎಂಥ ಮನುಷ್ಯ? ಎದ್ದರೆ ಲುಂಗಿ ಇಲ್ಲದ ಮನುಷ್ಯ. ಕುಳಿತಲ್ಲಿಂದಲೇ ಸಲಾಂ ಮಾಡಿದ. ಮಿಲ್ಲಿನ ಗಿರಾಕಿ ಸಿಕ್ಕು ಸೊಕ್ಕು ಬಂದಿದೆ ಎಂದು ಬೀಗರು ಚಹಾ ಕುಡಿಯದೆ ಹೋದರು. ಅವರನ್ನು ಬಸ್ ನಿಲ್ದಾಣದ ತನಕ ಹೋಗಿ ಸಮಾಧಾನ ಮಾಡಿ ಕರೆತಂದವನು ನಾನು. ಕಾರಣ ಕೇಳಿದ ಮೇಲೆ ಅವರು ಎರಡು ಚಹಾ ಕುಡಿದರು.

ಸಂತೆ ಬಂತು, ಇಲಿ ಹೋಗಲಿಲ್ಲ. ಗೋವಿಂದರಾಜ ಅವರು ಬಂದು ಕುಳಿತರು. ರಾಜಾಸಾಬ ಹೊಸವು, ಹಳೆಯವು, ತನ್ನಲ್ಲಿದ್ದ ಬೋನುಗಳನ್ನೆಲ್ಲ ಬಾಯಿ ತೆರೆದು, ತಿಂಡಿ ಸಿಕ್ಕಿಸಿ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ. ಸ್ಪ್ರಿಂಗಿನ ಬಿಗಿ ವಿವರಿಸಲು ಬಾಯಿಯ ತಂತಿ ತೆಗೆದದ್ದೇ ತಡ, ಇಲಿ ಹಲಗೆಗೆ ಇಳಿಯಿತು. ಅವಸರವಿಲ್ಲ. ಮೊದಲ ಬೋನಿಗೆ ಹೋಯಿತು, ತಿಂದಿತು, ಹೊರಬಂತು. ಎರಡನೆಯದರಲ್ಲೂ ಅಷ್ಟೇ. ಮದುವೆಯ ಊಟದ ಸಾಲಿನಲ್ಲಿ ಬಡಿಸಿಕೊಂಡು ಬಂದ ಹಾಗೆ ಒಂದೊಂದನ್ನೂ ಮುಗಿಸುತ್ತಾ ಬಂತು. ನಾನು ನನ್ನ ಅಂಗಡಿಯತ್ತ ನೋಡಿಕೊಂಡೆ, ನಗು ಕಾಣಬಾರದೆಂದು.

"ಏಮಿ ರಾಜಾಸಾಬ್, ಇದು ನಿಮ್ಮನಿ ಇಲೀನ ಏನು?" ಎಂದರು ಗೋವಿಂದರಾಜ, ತಮ್ಮ ತೆಲುಗು ಬೆರೆಸಿ.

ರಾಜಾಸಾಬ ಕೈಯಲ್ಲಿದ್ದ ತಂತಿ ತುಂಡನ್ನು ಕಿವಿಗೆ ಸಿಕ್ಕಿಸಿದ. ಆಮೇಲೆ ಮೆಲ್ಲಗೆ ಹೇಳಿದ: "ಹೌದ್ರಿ. ದಿನಾ ಬೋನಿನಾಗ ಉಂಡು ಬೋನಿನಾಗ ಮಲಗತೈತ್ರಿ. ನಿಮ್ಮ ಮಿಲ್ಲಿನಾಗಿನವು ಇಷ್ಟು ಓದಿಲ್ರಿ."

ಗೋವಿಂದರಾಜ ಅವರು ನಗಲಿಲ್ಲ. ಅವರು ಇಲಿಯನ್ನೇ ನೋಡುತ್ತಿದ್ದರು. ಕೊನೆಯ ಬೋನಿನ ಹತ್ತಿರ ಅದು ನಿಂತಿತು, ಮೂಸಿತು, ಸುತ್ತು ಹಾಕಿ ಗೋಡೆಯ ಸಂದಿಗೆ ಹೋಯಿತು. ಒಳಗಿನ ಭಜಿಯನ್ನು ಮುಟ್ಟಲಿಲ್ಲ.

"ಆ ಕಡೀದು ತೋರಸ್ರಿ," ಎಂದರು.

ಅದು ಅವನ ಅಪ್ಪ ಮಾಡಿದ್ದು. ಸ್ಪ್ರಿಂಗ್ ಇಲ್ಲ, ಮುಚ್ಚಳವಿಲ್ಲ. ಮೀನು ಹಿಡಿಯುವ ಬುಟ್ಟಿಯ ಹಾಗೆ ಬಾಯಿಯ ತಂತಿಗಳ ತುದಿ ಒಳಮುಖವಾಗಿವೆ, ಹೋಗಬಹುದು, ಬರಲಾಗದು. ಹಳೆಯ ಮಾದರಿ ಎಂದು ರಾಜಾಸಾಬ ಅದನ್ನು ಲೆಕ್ಕ ತುಂಬಿಸಲು ಇಟ್ಟಿದ್ದ.

"ಓದಿದ ಇಲಿ ಇದಕ್ಕ ಅಂಜತೈತಿ ಅಂದ್ರ ಓದದವು ಬೀಳತಾವ. ಇಂಥವು ಮಾಡ್ರಿ," ಎಂದು ಗೋವಿಂದರಾಜ ಅವರು ಅದೊಂದನ್ನು ಪರೀಕ್ಷೆಗೆ ಒಯ್ದರು. ಮರುದಿನವೇ ಮಿಲ್ಲಿನಿಂದ ಫೋನು ಬಂತು. ಬಿದ್ದಿದ್ದವು.

ಈಗ ರಾಜಾಸಾಬ ಹಗಲೆಲ್ಲ ತಂತಿ ಬಾಗಿಸುತ್ತಾನೆ. ಅಪ್ಪನ ಕೈ ತನಗೆ ಇದೆಯೋ ಇಲ್ಲವೋ ಅವನಿಗೇ ಗೊತ್ತಿಲ್ಲ, ಆದ್ದರಿಂದ ಮುಗಿದ ಪ್ರತಿಯೊಂದು ಬೋನನ್ನೂ ಹಲಗೆಯ ಮೇಲಿಟ್ಟು ಇಲಿಗೆ ತೋರಿಸುತ್ತಾನೆ. ಅದು ದೂರ ಸರಿದರೆ ಬೋನು ಮಿಲ್ಲಿಗೆ. ಒಳಗೆ ಹೋಗಿ ತಿಂದು ಬಂದರೆ ಬಿಚ್ಚಿ ಮತ್ತೆ ಮಾಡುತ್ತಾನೆ. ನಿನ್ನೆ ನನ್ನ ಅಂಗಡಿಯ ಗೋಡೆಯಲ್ಲಿ ಅದೇ ಇಲಿ ಕಂಡು ನಾನು ಪಾಷಾಣದ ಡಬ್ಬಿ ತೆಗೆದೆ. ರಾಜಾಸಾಬ ಓಡಿ ಬಂದು ಕೈ ಹಿಡಿದ.

"ಸಾವಕಾರ್ರ, ಅದಕ್ಕ ಏನರ ಆದ್ರ ನನ್ನ ಕೆಲಸ ನಿಲ್ಲತೈತ್ರಿ. ನಿಮ್ಮಲ್ಲಿ ಏನು ತಿಂದೈತಿ ಹೇಳ್ರಿ, ಕೊಡ್ತೀನಿ."

ಜೋಳದ ಬೀಜದ ಪಾಕೀಟು ತಿಂದಿತ್ತು. ಒಳ್ಳೆ ತಳಿ. ಬೆಲೆಯನ್ನು ನಾನು ಸ್ವಲ್ಪ ಹೆಚ್ಚೇ ಹೇಳಿದೆ. ಅವನು ಚೌಕಾಸಿ ಮಾಡದೆ ಕೊಟ್ಟು, ಅರ್ಧ ಮುಗಿದ ಬೋನಿನ ಮುಂದೆ ಹೋಗಿ ಕುಳಿತ.