ಚಿಕ್ಕಮಾದಮ್ಮನ ಬಿಸಿಲು ತಿರುಪು

ಬೆಳಗಿನ ಐದೂವರೆ. ನವೆಂಬರ್ ಚಳಿಗೆ ಮೈಸೂರಿನ ಕುಂಬಾರಕೊಪ್ಪಲಿನ ಅಡ್ಡರಸ್ತೆ ಇನ್ನೂ ಮುದುಡಿಕೊಂಡು ಮಲಗಿದೆ. ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಶೀಟಿನ ಮನೆಯ ಮುಂಗೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸ್ವೆಟರ್ ಹಾಕಿ, ತಲೆಗೆ ಸೆರಗು ಸುತ್ತಿಕೊಂಡ ಚಿಕ್ಕಮಾದಮ್ಮ ಮೇಜಿನ ಮುಂದೆ ಕೂತು, ಮೂರು ಕಾಲಿನ ಸಣ್ಣ ಟ್ರಾನ್ಸಿಸ್ಟರೊಂದನ್ನು ಚಿಮಟದಲ್ಲಿ ಹಿಡಿದು ಮೀಟರಿಗೆ ಸಿಕ್ಕಿಸುತ್ತಾರೆ. ಅಂಕಿ ಓಡಾಡಿ ನಿಲ್ಲುವವರೆಗೆ ಉಸಿರು ಬಿಡುವುದಿಲ್ಲ. ನಿಂತ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಟ್ರಾನ್ಸಿಸ್ಟರನ್ನು ಹಳೆಯ ಇಡ್ಲಿ ತಟ್ಟೆಯ ಒಂದು ಗುಳಿಯಲ್ಲಿ ಇಡುತ್ತಾರೆ. ಒಳ್ಳೆಯದಕ್ಕೆ ಒಂದು ಗುಳಿ, ಪರವಾಗಿಲ್ಲ ಅನ್ನುವುದಕ್ಕೆ ಒಂದು, ಕೆಲಸಕ್ಕೆ ಬಾರದ್ದಕ್ಕೆ ಇನ್ನೊಂದು.

ನಾನು ಕುತೂಹಲಕ್ಕೆ ಒಂದನ್ನು ಎತ್ತಿಕೊಳ್ಳಲು ಹೋದರೆ ತಡೆಯುತ್ತಾರೆ. "ಮುಟ್‌ಬ್ಯಾಡಿ ಸಾರ್. ನಮ್ ಬೆರಳಿನ ಬಿಸಿ ಸಾಕು, ಲೆಕ್ಕ ತಪ್ಪೋಯ್ತದೆ. ಅದ್ಕೇ ಈ ಹೊತ್ನಲ್ಲೇ ಕೂತ್ಕೊಳೋದು, ತಣ್ಣಗಿರ್ತದೆ."

ಐವತ್ತೇಳು ವರ್ಷದ ಚಿಕ್ಕಮಾದಮ್ಮ ಕಟ್ಟುವುದು ಗಿಟಾರಿನ ಫಝ್ ಪೆಡಲ್. ಗಿಟಾರಿಗೂ ಸ್ಪೀಕರಿಗೂ ನಡುವೆ ಕಾಲಬುಡದಲ್ಲಿ ಇಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆ ಅದು. ಕಾಲಿಂದ ಒಮ್ಮೆ ಒತ್ತಿದರೆ ಗಿಟಾರಿನ ನುಣುಪು ದನಿ ಒರಟಾಗಿ, ದಪ್ಪವಾಗಿ, ಗಂಟಲು ಕಟ್ಟಿದವರು ಕೂಗಿದಂತೆ ಹೊರಡುತ್ತದೆ. ಚಿಕ್ಕಮಾದಮ್ಮನ ಪೆಡಲು ಬಟ್ಟೆಸೋಪಿನ ಬಿಲ್ಲೆಯಷ್ಟಿದೆ. ಒಳಗೆ ಎರಡು ಟ್ರಾನ್ಸಿಸ್ಟರು, ಹತ್ತಾರು ಚಿಲ್ಲರೆ ಭಾಗಗಳು, ಮೂವತ್ತೇಳು ಬೆಸುಗೆ. ಈಗೀಗ ವಾರಕ್ಕೆ ಒಂದು, ಬಹಳವೆಂದರೆ ಎರಡು ತಯಾರಾಗುತ್ತವೆ. ಮೂರು ವರ್ಷದಲ್ಲಿ ಎಂಬತ್ತಮೂರು ಆಗಿವೆ. ಕಟ್ಟಿದವರಿಗೆ ಗಿಟಾರ್ ಹಿಡಿಯಲೂ ಬರುವುದಿಲ್ಲ.

ಬೆಸುಗೆ ಹಾಕುವುದನ್ನು ಅವರು ಕಲಿತದ್ದು ಇಪ್ಪತ್ತನೇ ವಯಸ್ಸಿನಲ್ಲಿ, ಊರಾಚೆಯ ಒಂದು ರೇಡಿಯೊ ಕಾರ್ಖಾನೆಯಲ್ಲಿ. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹೊಸದು. ಗಂಡ ಶಿವರಾಮು ಆಟೊ ಓಡಿಸುತ್ತಿದ್ದರು. ಕಾರ್ಖಾನೆಯ ಉದ್ದನೆ ಮೇಜಿನಲ್ಲಿ ಹೆಂಗಸರೇ ಹದಿನೆಂಟು ಮಂದಿ. ದಿನಕ್ಕೆ ಒಬ್ಬೊಬ್ಬರದು ಒಂಬೈನೂರು ಬೆಸುಗೆ. ಮೊದಲ ವಾರ ಕೈ ಸುಟ್ಟುಕೊಂಡು ಅಳುತ್ತಿದ್ದವರಿಗೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಕಲಿಸಿದವರು ಸೂಪರ್‌ವೈಸರ್ ಗುರುಮಲ್ಲಪ್ಪ.

"ಬೈತಾನೇ ಇರ್ಲಿಲ್ಲ ಆ ಮನುಷ್ಯ. 'ಮೊದ್ಲು ತಂತಿ ಬಿಸಿ ಮಾಡವ್ವ, ಸೀಸ ತಾನಾಗೇ ಹರ್ಕೊಂಡು ಬತ್ತದೆ' ಅನ್ನೋರು. ಅಷ್ಟೇ ಪಾಠ. ಅದ್ರಲ್ಲೇ ಇಪ್ಪತ್ತೆರಡು ವರ್ಷ ಅನ್ನ ತಿಂದಿವ್ನಿ" ಎನ್ನುತ್ತಾರೆ.

ಇಪ್ಪತ್ತೆರಡು ವರ್ಷವಾದ ಮೇಲೆ ಕಾರ್ಖಾನೆ ಬಾಗಿಲು ಮುಚ್ಚಿತು. ಕೊನೆಯ ದಿನ ಉಗ್ರಾಣದ ಬೇಡದ ಸಾಮಾನನ್ನೆಲ್ಲ ಗುಜರಿಗೆ ಹಾಕುತ್ತಿದ್ದಾಗ ಗುರುಮಲ್ಲಪ್ಪ ಕೇಳಿ ಪಡೆದು, ಹಳೇ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಒಂದು ಪೊಟ್ಟಣವನ್ನು ಅವರ ಕೈಗಿತ್ತರು. ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಪೊಟ್ಟಣ ಟ್ರಂಕಿನ ತಳ ಸೇರಿತು. ಚಿಕ್ಕಮಾದಮ್ಮ ಅಗರಬತ್ತಿ ಪ್ಯಾಕ್ ಮಾಡುವ ಕೆಲಸಕ್ಕೆ ಹೋದರು. ಬೀದಿಯವರ ಮಿಕ್ಸಿ, ಟಾರ್ಚು, ರೇಡಿಯೊ ಕೆಟ್ಟಾಗ ಮಾತ್ರ ಬೆಸುಗೆ ಕಡ್ಡಿ ಹೊರಗೆ ಬರುತ್ತಿತ್ತು.

ಕೀರ್ತಿ ಈ ಮನೆಯ ಬಾಗಿಲು ತಟ್ಟಿದ್ದು ಮೂರು ವರ್ಷದ ಹಿಂದೆ. ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವ ಈ ಇಪ್ಪತ್ತೇಳರ ಹುಡುಗಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಸಂಜೆ ಹೊತ್ತು ನಾಲ್ವರ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾಳೆ. ಬುದ್ಧ ವಿಹಾರಗಳಲ್ಲಿ, ಬೀದಿ ಸಭೆಗಳಲ್ಲಿ ಹಾಡುವ ಬ್ಯಾಂಡು. ಯಾರಿಂದಲೋ ಕೊಂಡ ಹಳೇ ಪೆಡಲು ಸತ್ತುಹೋಗಿತ್ತು. ಯಾವ ಅಂಗಡಿಯವರೂ ಬಿಚ್ಚಿ ನೋಡಲು ಒಪ್ಪಿರಲಿಲ್ಲ.

"ಆಂಟಿ ಅದನ್ನ ಬಿಚ್ಚಿ ಒಂದು ನಿಮಿಷ ನೋಡಿದ್ರು. ಆಮೇಲೆ ನಗೋಕೆ ಶುರು ಮಾಡಿದ್ರು" ಎಂದು ಕೀರ್ತಿ ನೆನೆಯುತ್ತಾಳೆ. "'ಇಷ್ಟೇನಾ ಇರೋದು ಇದ್ರೊಳಗೆ? ಇಂಥವನ್ನ ನಾವು ಟೀ ಬರೋದ್ರೊಳಗೆ ಮುಗಿಸ್ತಿದ್ವಿ ಕಣವ್ವ' ಅಂದ್ರು."

ರಿಪೇರಿ ಮುಗಿದ ಮೇಲೆ ಕೀರ್ತಿ ಇನ್ನೊಂದು ಕೇಳಿದಳು. ಸ್ಕೂಟರಿನಲ್ಲಿ ಓಡಾಡುವವಳಿಗೆ ಬ್ಯಾಗಿನ ಹೊರಜೇಬಿನಲ್ಲಿ ಹಿಡಿಸುವಷ್ಟು ಪುಟ್ಟದೊಂದು ಮಾಡಿಕೊಡುತ್ತೀರಾ? ಟ್ರಂಕಿನ ತಳದ ಪೊಟ್ಟಣ ಮೇಲೆ ಬಂತು. ಮೊದಲನೆಯ ಪೆಡಲಿಗೆ ಪೆಟ್ಟಿಗೆಯಾದದ್ದು ಅಡುಗೆಮನೆಯ ಲವಂಗದ ಡಬ್ಬಿ. ಕೀರ್ತಿ ಒಮ್ಮೆ ಕಾಲಿಟ್ಟಳು, ಡಬ್ಬಿ ಚಪ್ಪಟೆಯಾಯಿತು. ಎರಡನೆಯದಕ್ಕೆ ಲಷ್ಕರ್ ಮೊಹಲ್ಲಾದ ಬಿಡಿಭಾಗದ ಅಂಗಡಿಯಲ್ಲಿ ಎರಕದ ಅಲ್ಯೂಮಿನಿಯಂ ಪೆಟ್ಟಿಗೆ ಸಿಕ್ಕಿತು. ಅಷ್ಟು ಚಿಕ್ಕದರೊಳಗೆ ಎಲ್ಲವನ್ನೂ ಕೂರಿಸಲು ಹನ್ನೊಂದು ದಿನ ಹಿಡಿಯಿತು.

ಹನ್ನೆರಡನೇ ದಿನ ದನಿ ಬಂತು. ಮೊದಲು ಕೇಳಿದಾಗ ಹೇಗನ್ನಿಸಿತು ಎಂದು ಕೇಳಿದರೆ ಚಿಕ್ಕಮಾದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. "ಸುಳ್ ಯಾಕ್ ಹೇಳ್ಲಿ? ಕೆಟ್ಟೋಗದೆ ಅಂದ್ಕಂಡೆ. ರೇಡಿಯೊದಲ್ಲಿ ಇಂಥ ಸದ್ದು ಬಂದ್ರೆ ನಮ್ ಲೈನಲ್ಲಿ ವಾಪಸ್ ಕಳುಸ್ತಿದ್ರು. ಆ ಮಗ ನೋಡುದ್ರೆ ಕಣ್ಣಲ್ಲಿ ನೀರು ಹಾಕ್ಕಂಡು 'ಇದೇ, ಇದೇ ಆಂಟಿ' ಅಂತದೆ!"

ಆ ಭಾನುವಾರ ಶಿವರಾಮು ಅವರ ಆಟೊದಲ್ಲಿ ಗಂಡ ಹೆಂಡತಿ ಪೆಡಲು ಹಿಡಿದು ಲಕ್ಷ್ಮೀಪುರಂನಲ್ಲಿರುವ ಹಳೆಯ ಸೂಪರ್‌ವೈಸರ್ ಮನೆಗೆ ಹೋದರು. ಎಂಬತ್ತು ದಾಟಿದ ಗುರುಮಲ್ಲಪ್ಪನವರಿಗೆ ಕಿವಿ ಪೂರ್ತಿ ಹೋಗಿದೆ. ಪೆಡಲಿನ ದನಿ ಕೇಳಿಸುವಂತಿರಲಿಲ್ಲ. ಅವರು ಹಿಂಬದಿಯ ತಿರುಪುಗಳನ್ನು ತಾವೇ ಬಿಚ್ಚಿ, ಭೂತಗನ್ನಡಿ ಹಿಡಿದು ಮೂವತ್ತೇಳು ಬೆಸುಗೆಯನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ತಲೆಯಾಡಿಸಿ ಪೆಡಲನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. "ಪೊಟ್ಟಣ ಕೊಟ್ಟೋರ್ಗೆ ಅದ್ರಲ್ಲಿ ಏನ್ ಮಾಡ್ದೆ ಅಂತ ತೋರುಸ್ಬೇಕಲ್ವಾ ಸಾರ್? ನನ್ ಕೈಗೆ ವಿದ್ಯೆ ಹಾಕಿದ್ದು ಅವ್ರು" ಎಂದಷ್ಟೇ ಚಿಕ್ಕಮಾದಮ್ಮ ಹೇಳುತ್ತಾರೆ.

ಕೀರ್ತಿಯ ಸ್ನೇಹಿತರು ಕೇಳಿದರು, ಅವರ ಸ್ನೇಹಿತರು ಕೇಳಿದರು. ಅಗರಬತ್ತಿ ಕೆಲಸ ಬಿಟ್ಟು ಮನೆಯಲ್ಲೇ ಕೂರುವಷ್ಟು ಕೆಲಸ ಬಂತು. ಹೀಗೆ ಹತ್ತೊಂಬತ್ತು ಪೆಡಲು ಹೊರಗೆ ಹೋಗಿರುವಾಗ ಕಳೆದ ವರ್ಷದ ಅಂಬೇಡ್ಕರ್ ಜಯಂತಿ ಬಂತು.

ಏಪ್ರಿಲ್ ಹದಿನಾಲ್ಕರ ಮೆರವಣಿಗೆ. ಲಾರಿಯ ಮೇಲೆ ಕೀರ್ತಿಯ ಬ್ಯಾಂಡು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ಲಾರಿಯ ತಗಡು ಕಾದು ಹಂಚಾಗಿತ್ತು. ಚಿಕ್ಕಮಾದಮ್ಮ ಜನರ ನಡುವೆ ನಿಂತಿದ್ದರು. ಹಾಡು ಏರಿದ ಹೊತ್ತಿಗೆ ಕೀರ್ತಿ ಪೆಡಲು ಒತ್ತಿದಳು. ದನಿ ಒಮ್ಮೆ ಗೊರಗುಟ್ಟಿ, ತುಂಡು ತುಂಡಾಗಿ, ನಿಂತೇಹೋಯಿತು. ಅವಳು ಮತ್ತೆ ಮತ್ತೆ ಒತ್ತಿದಳು. ಕೊನೆಗೆ ಪೆಡಲು ಬಿಟ್ಟು ಬರೀ ಗಿಟಾರಿನಲ್ಲಿ ಹಾಡು ಮುಗಿಸಿದಳು.

"ಜನ ಯಾರ್ಗೂ ಗೊತ್ತಾಗ್ಲಿಲ್ಲ. ನಂಗೆ ಗೊತ್ತಾಯ್ತು. ನೆಲ ಬಿರ್ದು ಒಳೀಕೆ ಹೋಗ್ಬುಡ್ಲಾ ಅನ್ನುಸ್ತು" ಎನ್ನುವಾಗ ಈಗಲೂ ಅವರ ದನಿ ತಗ್ಗುತ್ತದೆ. "ಅವತ್ತೊಂದ್ ದಿನ, ಆ ಹಾಡು, ಅಷ್ಟು ಜನ. ಅಲ್ಲೇ ಕೈ ಕೊಟ್ಟುಬುಡ್ತಲ್ಲ ನನ್ ಕೆಲ್ಸ."

ಸಂಜೆ ಪೆಡಲು ತಣ್ಣಗಾದ ಮೇಲೆ ಏನೂ ಆಗದಂತೆ ಕೆಲಸ ಮಾಡಿತು. ಕೀರ್ತಿ ಸಮಾಧಾನ ಹೇಳಿದಳು. "ಬಿಡಿ ಆಂಟಿ, ಬಿಸಿಲಿಗೆ ಆಗಿದ್ದು. ಹೋಗ್ಲಿ." ಚಿಕ್ಕಮಾದಮ್ಮ ಬಿಡಲಿಲ್ಲ. ಪೆಡಲನ್ನು ಶೀಟಿನ ಮೇಲೆ ಬಿಸಿಲಿಗಿಟ್ಟು, ಗಳಿಗೆಗೊಮ್ಮೆ ಕೆಳಗಿಳಿಸಿ ಅಳೆದರು. ಮೂರು ದಿನದಲ್ಲಿ ಕಾರಣ ಸಿಕ್ಕಿತು. ಜರ್ಮೇನಿಯಂ ಟ್ರಾನ್ಸಿಸ್ಟರು ಬಿಸಿಯಾದಂತೆ ಸ್ವಭಾವ ಬದಲಿಸುತ್ತದೆ. ಅವರು ಆರಿಸಿದ್ದೆಲ್ಲ ಬೆಳಗಿನ ತಂಪಿನಲ್ಲಿ. ಹತ್ತೊಂಬತ್ತೂ ಪೆಡಲಿನಲ್ಲಿ ಅದೇ ತಪ್ಪು ಇತ್ತು.

ಪರಿಹಾರ ಹೊಳೆದದ್ದು ಅಪ್ಪನ ನೆನಪಿನಿಂದ. ಅವರ ತಂದೆ ಚಿಕ್ಕಬಸವಯ್ಯ ತಮಟೆ ಬಾರಿಸುತ್ತಿದ್ದವರು. "ಥಂಡಿಗೆ ಚರ್ಮ ಸಡ್ಲ ಆದ್ರೆ ನಮ್ಮಪ್ಪ ಹುಲ್ಲು ಬೆಂಕಿ ಹಾಕಿ ಕಾಯಿಸ್ಕೊಳೋನು. ಎಷ್ಟು ಕಾಯ್ಬೇಕು ಅನ್ನೋದು ಬಾರ್ಸೋನ್ ಕೈಲೇ ಇರ್ತಿತ್ತು. ನಾನು ಈ ಮಕ್ಕಳ ಕೈಗೆ ಏನೂ ಕೊಡ್ದೇ ಡಬ್ಬಿ ಮುಚ್ಚಿ ಕಳುಸ್ಬುಟ್ಟಿದ್ದೆ."

ಎರಡನೇ ಟ್ರಾನ್ಸಿಸ್ಟರಿಗೆ ಹೋಗುವ ವಿದ್ಯುತ್ತನ್ನು ಹದ ಮಾಡುವ, ಬಟಾಣಿ ಕಾಳಿನಷ್ಟು ತಿರುಪೊಂದನ್ನು ಪೆಟ್ಟಿಗೆಯ ಪಕ್ಕಕ್ಕೆ ಕೂರಿಸಿದರು. ಬಿಸಿಲಿಗೆ ದನಿ ಒಡೆದರೆ ಸ್ವಲ್ಪ ತಿರುಗಿಸಿದರಾಯಿತು. ಅದಕ್ಕೆ ಅವರಿಟ್ಟ ಹೆಸರು ಬಿಸಿಲು ತಿರುಪು. ಆಮೇಲೆ ಕೀರ್ತಿಯ ಕೈಯಲ್ಲಿ ಎಲ್ಲರಿಗೂ ಫೋನ್ ಮಾಡಿಸಿ, ಪೆಡಲು ವಾಪಸು ತನ್ನಿ, ಸರಿ ಮಾಡಿಕೊಡುತ್ತೇನೆ ಎಂದು ಹೇಳಿಸಿದರು. ಹದಿನೆಂಟು ಪೆಡಲು ಬಂದವು. ಬಾರದೆ ಉಳಿದದ್ದು ಕೊಳ್ಳೇಗಾಲದ ಯೋಗೇಂದ್ರನದು. ಅವನು ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ಲಗ್ನದ ಕಾಲ, ಒಂದು ದಿನವೂ ಪೆಡಲು ಬಿಟ್ಟಿರುವಂತಿಲ್ಲ. ಚಿಕ್ಕಮಾದಮ್ಮ ಬೆಸುಗೆ ಕಡ್ಡಿ, ಮೀಟರು, ತಿರುಪನ್ನು ಬುಟ್ಟಿಗೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದರು.

ಛತ್ರದಲ್ಲಿ ಅವರನ್ನು ಕಂಡು ಯೋಗೇಂದ್ರನಿಗೆ ಗಾಬರಿ. "ನಂದು ಚೆನ್ನಾಗೇ ಇದೆಯಲ್ಲಮ್ಮ! ಇದಕ್ಕೋಸ್ಕರ ಇಷ್ಟು ದೂರ ಬಂದ್ರಾ?"

"ಇವತ್ತು ಚೆನ್ನಾಗದೆ ಕಣಪ್ಪ. ಕೈ ಕೊಡೋ ದಿನ ಹೇಳ್ಬುಟ್ಟು ಬರಕಿಲ್ಲ ಅದು. ಪ್ಲಗ್ ಎಲ್ಲದೆ ತೋರ್ಸು."

ಊಟದ ಹಾಲ್‌ನ ಮೂಲೆಯಲ್ಲಿ, ಎಲೆ ಹಾಕುವ ಮೇಜಿನ ತುದಿಯಲ್ಲಿ ಕೂತು, ಸಾರಿನ ಒಗ್ಗರಣೆಯ ಹೊಗೆಯ ನಡುವೆ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದರು. ಹೊರಡಲು ಎದ್ದರೆ ಯೋಗೇಂದ್ರ ಬಿಡಲಿಲ್ಲ. ಮೊದಲ ಹಾಡು ಮುಗಿಸಿ ಮೈಕ್ ತೆಗೆದುಕೊಂಡ. "ಈಗ ಕೇಳಿದ್ರಲ್ಲ, ಆ ದನಿ ಮಾಡಿದವರು ಮೈಸೂರಿನ ಚಿಕ್ಕಮಾದಮ್ಮನವರು. ಅಲ್ಲಿ ಹಿಂದೆ ನಿಂತವ್ರೆ ನೋಡಿ." ಮದುವೆಗೆ ಬಂದವರೆಲ್ಲ ತಿರುಗಿ ನೋಡಿದರು. ಹೆಣ್ಣಿನ ತಾಯಿ ಬಂದು ಕೈ ಹಿಡಿದು ಮೊದಲ ಪಂಕ್ತಿಯಲ್ಲಿ ಕೂರಿಸಿದರು.

"ಕಾರ್ಖಾನೆಯಿಂದ ಎಷ್ಟು ಸಾವ್ರ ರೇಡಿಯೊ ಹೋಗಿದ್ವೋ. ಯಾರು ಮಾಡಿದ್ದು ಅಂತ ಯಾರೂ ಕೇಳ್ಲಿಲ್ಲ, ನಾವೂ ಕೇಳ್ಲಿ ಅಂದ್ಕಂಡಿರ್ಲಿಲ್ಲ. ಅವತ್ತು ಮೈಕ್ನಲ್ಲಿ ನನ್ ಹೆಸ್ರು ಬಂತು. ತಪ್ಪು ಮಾಡಿದ್ದು ನಾನು, ಮರ್ಯಾದೆ ಮಾಡಿದ್ದು ಅವ್ರು" ಎಂದು ಚಿಕ್ಕಮಾದಮ್ಮ ಕಣ್ಣೊರೆಸಿಕೊಳ್ಳುತ್ತಾರೆ.

ಈಗ ಪ್ರತಿ ಟ್ರಾನ್ಸಿಸ್ಟರನ್ನೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಶೀಟಿನ ಕಾವಿನಲ್ಲಿ ಒಮ್ಮೆ ಅಳೆಯುತ್ತಾರೆ. ನೂರಕ್ಕೆ ಮೂವತ್ತು ಉಳಿದರೆ ಹೆಚ್ಚು. ಪೊಟ್ಟಣ ಖಾಲಿಯಾಗಿದೆ, ಗುಜರಿ ಅಂಗಡಿಗಳ ಹಳೆ ರೇಡಿಯೊಗಳಿಂದ ಶಿವರಾಮು ಹುಡುಕಿ ತರುತ್ತಾರೆ. ಈ ವರ್ಷದ ಏಪ್ರಿಲ್ ಮೆರವಣಿಗೆಯಲ್ಲಿ ಬಿಸಿಲು ಹೋದ ವರ್ಷಕ್ಕಿಂತ ಜೋರಾಗಿತ್ತು. ಅದೇ ಹಾಡಿನ ನಡುವೆ ದನಿ ಒಡೆಯತೊಡಗಿದಾಗ ಕೀರ್ತಿ ಬಗ್ಗಿ ತಿರುಪನ್ನು ಚೂರು ತಿರುಗಿಸಿದಳು. ದನಿ ಎದ್ದು ನಿಂತಿತು. ಹಾಡು ಮುಗಿಯುವವರೆಗೆ ನಿಂತೇ ಇತ್ತು.

ಬೆಳಕು ಹರಿದಿದೆ. ಶಿವರಾಮು ಟೀ ತಂದಿಟ್ಟು ಆಟೊ ಒರೆಸಲು ಹೋಗುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಚಿಕ್ಕಮಾದಮ್ಮ ಮೀಟರು ಆರಿಸಿ ಟೀ ಲೋಟ ಕೈಗೆತ್ತಿಕೊಳ್ಳುತ್ತಾರೆ.

"ನನ್ ಜೊತೆ ಲೈನಲ್ಲಿ ಕೂತಿದ್ದೋರು ಆರು ಜನ ಇಲ್ಲೇ ಸುತ್ತಮುತ್ತ ಅವ್ರೆ ಸಾರ್. ತಿಮ್ಮಮ್ಮ ಅಂತೂ ನನ್ಗಿಂತ ಚೆಂದ ಬೆಸುಗೆ ಹಾಕೋಳು. ಈಗ ಯಾರ್ದೋ ಮನೇಲಿ ಪಾತ್ರೆ ತೊಳೀತಾಳೆ. ಆ ಕೈಗೆ ವಿದ್ಯೆ ಮರ್ತೋಗಿರಕಿಲ್ಲ. ಇನ್ನೊಂದಿಷ್ಟು ಮಕ್ಕಳು ಗಿಟಾರ್ ಬಾರುಸ್ಲಿ. ಅವ್ರೆಲ್ಲ ಬಂದು ಕೂತು, ಈ ಮೇಜು ಸಾಲ್ದೆ ಹೋಗ್ಲಿ."