ಪರ್ಸಿನೊಳಗಿನ ಬೀಗ

ಹೊರಡುವಾಗ ಬೀಗವನ್ನು ಇಪ್ಪತ್ತು ಸಲ ಜಗ್ಗಿ ನೋಡುವ ನನ್ನ ಕಾಯಿಲೆಗೆ ನಾಲ್ಕೇ ದಿನದ ಚಿಕಿತ್ಸೆ ಕೊಡಲು ಮನೋರೋಗದ ಡಾಕ್ಟರಮ್ಮ ಒಬ್ಬರು ಶಹಾಬಾದಿನ ನಮ್ಮ ಮನೆಗೇ ಬಂದರು. ಮೊದಲು ಬೀಗವನ್ನೇ ಕಿತ್ತುಕೊಂಡು ತಮ್ಮ ಪರ್ಸಿಗೆ ಹಾಕಿ, ಪರ್ಸನ್ನು ತಟ್ಟುತ್ತ, "ಅಂಜಿಕಿ ಬಂದ್ರ ಬರ್ಲಿ, ಕುಂದ್ರಲಿ. ತಾನೇ ಎದ್ದು ಹೋಗ್ತದ" ಎಂದರು. ದಿನವೂ ಅದೇ ಮಾತು.

ಮೂರನೆಯ ದಿನ ಬಾಗಿಲು ತೆರೆದಿಟ್ಟು ನನ್ನನ್ನು ವಾಡಿ ಸ್ಟೇಷನ್ನಿಗೆ ಕರೆದೊಯ್ದರು. ತಿರುಗಿ ಬಂದರೆ ಓಣಿಯವರೆಲ್ಲ ನಮ್ಮ ಕಟ್ಟೆಯ ಮೇಲೆ ಕಾವಲು ಕುಳಿತಿದ್ದರು.

"ನೀವು ಕಾದ್ರ ಇವರಿಗೆ ಆರಾಮ ಹೆಂಗಾಗ್ತದ್ರಿ?" ಡಾಕ್ಟರಮ್ಮ ರೇಗಿದರು.

"ತೆರದ ಮನಿ ಬಿಟ್ಟು ಹೆಂಗ ಹೋಗ್ಲಿಕ್ಕಾಗ್ತದ್ರಿ ಮೇಡಂ?" ಎಂದರು ಪಕ್ಕದ ಮನೆಯ ಖಾಲಾ.

ನಾಲ್ಕನೆಯ ದಿನ ಡಾಕ್ಟರಮ್ಮ ಇಡೀ ಓಣಿಯ ಬೀಗಗಳನ್ನು ಪರ್ಸಿಗೆ ತುಂಬಿಕೊಂಡು, ಎಲ್ಲರನ್ನೂ ವಾಡಿಗೆ ಹೊರಡಿಸಿದರು. ಪ್ಲಾಟ್‌ಫಾರ್ಮಿನಲ್ಲಿ ಓಣಿಗೆ ಓಣಿಯೇ ಬೆವರುತ್ತ ಕುಳಿತಿತ್ತು. ನಾನೊಬ್ಬನೇ ಮಿರ್ಚಿಭಜಿ ತಿನ್ನುತ್ತಿದ್ದೆ.

"ಅಂಜಿಕಿ ಬಂದ್ರ ಬರ್ಲಿ, ಖಾಲಾ," ಎಂದೆ. "ನೀವು ಭಜಿ ತಿನ್ರಿ."