ವಾಕರ್ ಅಂದರೆ ನಡೆಯುವವನಲ್ಲ

“ವಾಕರ್ ಅಂದರೆ ನಡೆಯುವವನಲ್ಲ. ನಮ್ಮ ಹಿರಿಯರು ಉಣ್ಣೆ ಬಟ್ಟೆಯನ್ನು ಹಳೇ ಮೂತ್ರದಲ್ಲಿ ನೆನೆಸಿ ಕಾಲಿನಿಂದ ತುಳಿದು ಹದ ಮಾಡುತ್ತಿದ್ದರು. ಇದು ಆ ಕಸುಬಿನ ಹೆಸರು,” ಎಂದರು ಸ್ಕಾಟ್ಲೆಂಡಿನವರಾದ ನಮ್ಮ ಹೊಸ ಮ್ಯಾನೇಜರ್ ವಾಕರ್, ದುಬೈಯ ಅಲ್ ಬರ್ಷಾದ ಆಫೀಸಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾ. ಆಮೇಲೆ ನನ್ನ ಹೆಸರಿನ ಕೊನೆಯ ‘ಎಂ’ ಏನೆಂದು ಕೇಳಿದರು.

ಅದನ್ನು ನಾನು ಇಲ್ಲಿ ಯಾರಿಗೂ ಬಿಡಿಸಿ ಹೇಳಿದವನಲ್ಲ. “ಮಡಿವಾಳ. ಬಟ್ಟೆ ಒಗೆಯುವವರು,” ಎಂದೆ.

“ನೀವೂ ಮೂತ್ರದಲ್ಲೇ?”

“ಇಲ್ಲ ಸರ್, ಬೂದಿ ನೀರಿನಲ್ಲಿ.”

“ಹಾಗಾದರೆ ನೀವು ನಮಗಿಂತ ಮುಂದುವರಿದವರು,” ಎಂದು ಎದ್ದು ನಿಂತು ಕೈ ಕುಲುಕಿದರು.

ಆ ವಾರವೇ ವಿಸಿಟಿಂಗ್ ಕಾರ್ಡಿನಲ್ಲಿ ಪೂರ್ತಿ ಹೆಸರು ಹಾಕಿಸಿದೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ, ಬದುಕಿಡೀ ಊರವರ ಬಟ್ಟೆ ಒಗೆದ ಅಪ್ಪ ಕೇಳಿದರು: “ಪಾಪ, ಅವರಿಗೆ ಅಲ್ಲಿ ಸಾಬೂನು ಸಿಕ್ತಾ ಇರ್ಲಿಲ್ವಾ ಮಾರಾಯ?”